ನಾಲ್ಕು ಸ್ವರ ಒಟ್ಟಿಗೆ

ಕಳೆದ ತಿಂಗಳು ಭಟ್ಕಳದ ಈ ಮನೆಯ ನಡುಕೋಣೆಯಲ್ಲಿ ಮೇಘನಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೀಬೋರ್ಡ್ ಕಲಿಸುವ ಮೇಡಂ ಅವಳಿಗೆ ಒಂದು ಆಟ ಹಾಕಿಕೊಟ್ಟಿದ್ದರು. ಫೋನು ನಾಲ್ಕು ಸ್ವರಗಳನ್ನು ಒಂದೇ ಸಲ ನುಡಿಸುತ್ತದೆ. ಇದು ಯಾವ ಸೆವೆಂತ್ ಕಾರ್ಡ್, ಅಂದರೆ ಯಾವ ಸ್ವರಗುಂಪು, ಎಂದು ಕೇಳುತ್ತದೆ. ಕೆಳಗೆ ಐದು ಹೆಸರುಗಳಿರುತ್ತವೆ, ಒಂದನ್ನು ಒತ್ತಬೇಕು. ತಪ್ಪಾದರೆ ಕೆಂಪು, ಸರಿಯಾದರೆ ಹಸಿರು. ಅವಳಿಗೆ ಕೆಂಪಿನ ಮೇಲೆ ಕೆಂಪು ಬರುತ್ತಿತ್ತು. ನಾನು ಅಡುಗೆಮನೆಯಲ್ಲಿ ಬಂಗಡೆ ಕೊಯ್ಯುತ್ತಿದ್ದೆ. ಕೈ ಮೀನಿನಲ್ಲಿತ್ತು, ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು.

"ಹೊಸ್ತಿಲು."

"ಹೊಸ್ತಿಲಿಗೆ ಎಂತ ಆಯ್ತು ಅಜ್ಜಿ?"

"ಎಂತ ಆಗ್ಲಿಲ್ಲ. ಡಾಮಿನಂಟು ಅಂತ ಬರದದೆಯಾ ನೋಡು. ಅದನ್ನ ಒತ್ತು."

ಹಸಿರು ಬಂತು. ಮುಂದಿನದು ಬಾವಿ, ಅಂದರೆ ಮೇಜರ್ ಸೆವೆಂತ್. ಅದೂ ಹಸಿರು. ಹತ್ತು ಮುಗಿಯುವ ಹೊತ್ತಿಗೆ ಮೇಘನಾ, ಅವಳ ತಂಗಿ ಪುಟ್ಟಿ, ನೀವಿಬ್ಬರೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಿರಿ. ಅಜ್ಜಿ ಒಳಗೆ ಇನ್ನೊಂದು ಫೋನಿಟ್ಟುಕೊಂಡು ಕಳ್ಳಾಟ ಆಡ್ತಾಳೆ ಎಂದು ಪುಟ್ಟಿ ಅಕ್ಕಿಡಬ್ಬದ ಹಿಂದೆಲ್ಲ ಹುಡುಕಿದಳು. ಯಾರು ಕಲಿಸಿದ್ದು ಎಂದು ಕೇಳಿದಿರಿ. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ಏಳನೆಯ ತರಗತಿಯವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ. ಅದಕ್ಕೇ ಈ ನೋಟುಬುಕ್ಕು.

ನಾನು ಹುಟ್ಟಿ ಬೆಳೆದ ಮನೆ ಹೊನ್ನಾವರದಲ್ಲಿ, ಬಂದರಿಗೆ ಇಳಿಯುವ ಓಣಿಯಲ್ಲಿತ್ತು. ಮುಂದೆ ಜಗಲಿ, ಜಗಲಿ ದಾಟಿದರೆ ಅಪ್ಪನ ಕೆಲಸದ ಕೋಣೆ, ಅದರ ಹಿಂದೆ ಊಟದ ನಡುಕೋಣೆ, ಆಮೇಲೆ ಅಡುಗೆಮನೆ, ಹಿತ್ತಲಲ್ಲಿ ಬಾವಿ. ಅಟ್ಟಕ್ಕೆ ಹತ್ತುವ ಮರದ ಏಣಿಯಲ್ಲಿ ಒಂದು ಮೆಟ್ಟಿಲು ಇರಲಿಲ್ಲ. ಅಪ್ಪ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ಎಲ್ಲರೂ ಅದನ್ನು ಪೆಟ್ಟಿಗೆ ಎನ್ನುತ್ತಿದ್ದರು, ಅಪ್ಪನನ್ನು ಪೆಟ್ಟಿಗೆ ಗಣಪಯ್ಯ ಎನ್ನುತ್ತಿದ್ದರು. ಕುಮಟೆಯ ಭಜನೆಯವರು ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತಿದ್ದರು. ಭಟ್ಕಳ, ಮುರ್ಡೇಶ್ವರದ ಕಡೆಯವರು ಶರಾವತಿಯನ್ನು ಲಾಂಚಿನಲ್ಲಿ ದಾಟಿ ತಲೆಯ ಮೇಲೆ ಹೊತ್ತು ತರುತ್ತಿದ್ದರು. ಯಕ್ಷಗಾನದ ಮೇಳದವರ ಶ್ರುತಿಪೆಟ್ಟಿಗೆ, ನಾಟಕದವರ ಪೆಟ್ಟಿಗೆ, ಹರಿಕತೆಯವರದು, ಎಲ್ಲವೂ ನಮ್ಮ ಮನೆಯ ಗೋಡೆಗೆ ಒರಗಿ ಸರದಿ ಕಾಯುತ್ತಿದ್ದವು. ಪೆಟ್ಟಿಗೆಯ ಒಳಗೆ ಹಿತ್ತಾಳೆಯ ಸಣ್ಣ ಸಣ್ಣ ನಾಲಗೆಗಳಿರುತ್ತವೆ, ರೀಡು ಎನ್ನುತ್ತಾರೆ. ನಮ್ಮ ಕಡಲಗಾಳಿಗೆ ಅವು ಒಂದು ಮಳೆಗಾಲ ಕಳೆಯುವುದರಲ್ಲಿ ಹಸಿರು ಹಿಡಿದು ಸ್ವರ ಬಿಟ್ಟುಕೊಡುತ್ತವೆ. ಅಪ್ಪ ಅವನ್ನು ತೆಗೆದು ಉಜ್ಜಿ, ಸಣ್ಣ ಅರದಿಂದ ಒಂದೆರಡು ಎಳೆ ಕೆರೆದು ಮತ್ತೆ ಕೂರಿಸುತ್ತಿದ್ದ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಇಷ್ಟು ನನಗೆ ಓದು ಬರಹ ಬರುವ ಮೊದಲೇ ಗೊತ್ತಿತ್ತು.

ಸ್ವರ ಕೂರಿಸುವ ದಿನ ಮನೆಯಲ್ಲಿ ಯಾರೂ ಸದ್ದು ಮಾಡುವಂತಿರಲಿಲ್ಲ. ಕೊಡ ಇಡುವುದಾದರೂ ಗೋಣಿಯ ಮೇಲೆ ಇಡಬೇಕು. ಎಲ್ಲಕ್ಕಿಂತ ದೊಡ್ಡ ತೊಂದರೆ ಒರಳಿನದು. ಒರಳು ತಿರುಗುವಾಗ ಒಂದು ಗುಂಯ್ ಸದ್ದು ಎಳೆಯುತ್ತದೆ, ಅದು ರೀಡಿನ ಜೊತೆ ಬೆರೆತು ಅಪ್ಪನ ಲೆಕ್ಕ ತಪ್ಪಿಸುತ್ತಿತ್ತು. ಹಾಗಾಗಿ ಅಪ್ಪ ಅರ ಕೆಳಗಿಡುವ ತನಕ ಆಯಿ, ಅಂದರೆ ನನ್ನ ಅಮ್ಮ, ಕಾಯಿ ಅರೆಯುವ ಹಾಗಿರಲಿಲ್ಲ. ಮಧ್ಯಾಹ್ನದ ಸಾರು ಸಂಜೆಗೆ ಆಗುತ್ತಿತ್ತು. ಎಷ್ಟೋ ದಿನ ಕುಚ್ಚಲಕ್ಕಿ ಗಂಜಿಗೆ ಸುಟ್ಟ ಒಣಮೀನು, ಅಷ್ಟೇ. ನಮ್ಮ ಮನೆಯ ಜಗಳಗಳೆಲ್ಲ ಅಡುಗೆಮನೆಯ ಬಾಗಿಲಿಗೆ ಬಂದು ಪಿಸುದನಿಯಲ್ಲಿ ನಡೆಯುತ್ತಿದ್ದವು.

"ಮೀನು ಹಾಳಾಗ್ತದೆ. ಕಾಯಿ ಅರೀಲೋ ಬೇಡ್ವೋ?"

"ಇನ್ನೆರಡು ರೀಡು."

"ನಿಮ್ಮ ಎರಡು ಅಂದ್ರೆ ಗೊತ್ತದೆ ನಂಗೆ. ಎರಡು ಅಂದು ಎಂಟು ಮಾಡ್ತ್ರಿ. ಕೇಳಿತಾ?"

ಅಷ್ಟು ಹೇಳಿ ಕೆಲಸಕ್ಕೆ ಮುಖ ಮಾಡಿದರೆ ಅಪ್ಪ ಮತ್ತೆ ತಿರುಗುತ್ತಿರಲಿಲ್ಲ. ಆಯಿ ನನ್ನ ಕಡೆ ನೋಡಿ, ಓಣಿಯ ಹೆಂಗಸರಿಗೆ ಹೇಳುವ ಮಾತನ್ನೇ ಹೇಳುತ್ತಿದ್ದಳು.

"ಪೆಟ್ಟಿಗೆ ಉಸಿರು ಬಿಟ್ರೂ ಕೇಳ್ತದೆ ಇವ್ರಿಗೆ. ಹೆಂಡ್ತಿ ಕರದ್ದು ಮಾತ್ರ ಕೇಳೂದಿಲ್ಲ."

ಹೆಂಗಸರು ನಗುತ್ತಿದ್ದರು. ಯಾರ ಗಂಡನಿಗೂ ಕೇಳುವುದಿಲ್ಲ ಎನ್ನುತ್ತಿದ್ದರು. ನಾನು ನಗುತ್ತಿರಲಿಲ್ಲ. ಅಪ್ಪನಿಗೆ ನಿಜವಾಗಿಯೂ ಕೇಳುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು.

ಗೊತ್ತಾದದ್ದು ಹೀಗೆ. ಎರಡು ರೀಡುಗಳು ಒಂದೇ ಸ್ವರಕ್ಕೆ ಹತ್ತಿರ ಬಂದು, ಪೂರ್ತಿ ಸೇರದೆ ಉಳಿದರೆ ಸದ್ದಿನಲ್ಲಿ ಒಂದು ಅಲೆ ಏಳುತ್ತದೆ. ದೂರವಿದ್ದರೆ ಬಿರುಸಾದ ಅಲೆ, ಹತ್ತಿರವಾದಂತೆ ನಿಧಾನದ ಅಲೆ, ಸೇರಿದಾಗ ಅಲೆ ನಿಲ್ಲುತ್ತದೆ. ಸ್ವರ ಕೂರಿಸುವುದೆಂದರೆ ಈ ಅಲೆಯನ್ನು ನಿಲ್ಲಿಸುವುದು. ತಿದಿ ಒತ್ತುವ ಕೆಲಸ ನನ್ನದಾಗಿತ್ತು. ಒಂಬತ್ತು ವರ್ಷದವಳಿದ್ದಾಗ ಒಂದು ದಿನ, ಅಲೆ ಇನ್ನೂ ಏಳುತ್ತಿರುವಾಗಲೇ ಅಪ್ಪ ಅರ ಕೆಳಗಿಟ್ಟ. ನಾನು ತಿದಿ ಬಿಡಲಿಲ್ಲ, ಒತ್ತುತ್ತಲೇ ಇದ್ದೆ. ಅಪ್ಪ ನನ್ನ ಮುಖ ನೋಡಿದ. ಮಡಿಲಲ್ಲಿದ್ದ ಎಡಗೈಯಿಂದ ನಾನು ಮೂರು ಬೆರಳು ತೋರಿಸಿದೆ, ಮೂರು ಅಲೆ ಉಳಿದಿದೆ ಎಂದು. ಅಪ್ಪ ಅರ ತೆಗೆದುಕೊಂಡು ಮತ್ತೆ ಕೆರೆದ. ಬೆರಳು ಎರಡಾಯಿತು, ಒಂದಾಯಿತು, ಮುಷ್ಟಿಯಾಯಿತು. ಅಂದಿನಿಂದ ಹಾಗೆಯೇ ನಡೆಯಿತು. ಅಪ್ಪ ತೊಡೆ ತಟ್ಟುತ್ತಿದ್ದ, ಐದು ತಟ್ಟಿಗೆ ಎಷ್ಟು ಅಲೆಯೋ ಅಷ್ಟು ಬೆರಳು. ಜಗಲಿಯಲ್ಲಿ ಕೂತ ಗಿರಾಕಿಗೆ ಕಾಣುತ್ತಿದ್ದದ್ದು ತಿದಿ ಒತ್ತುವ ಒಂದು ಹುಡುಗಿ ಮಾತ್ರ. ಈ ವಿಷಯವಾಗಿ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಅಪ್ಪನ ಕಿವಿ ಹೋಗಿದೆ ಎಂಬ ಸುದ್ದಿ ಓಣಿ ದಾಟಿದರೆ ಮಾರನೆಯ ದಿನದಿಂದ ಪೆಟ್ಟಿಗೆಗಳು ಬರುವುದಿಲ್ಲ. ಅದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಪಾಸ್ಕು ಮಾಸ್ತರು ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹಾಡಿಸುವವರು. ಮನೆಮಾತು ಕೊಂಕಣಿ, ನಮ್ಮೊಂದಿಗೆ ಕನ್ನಡ. ಪ್ರತಿ ವರ್ಷ ನಾತಾಳ ಹಬ್ಬಕ್ಕೆ, ನೀವು ಕ್ರಿಸ್‌ಮಸ್ ಎನ್ನುವುದಕ್ಕೆ, ಹದಿನೈದು ದಿನ ಮೊದಲು ಇಗರ್ಜಿಯ ದೊಡ್ಡ ಪೆಟ್ಟಿಗೆ ನಮ್ಮ ಮನೆಗೆ ಬರುತ್ತಿತ್ತು. ಅದು ಕಾಲಿನಿಂದ ತುಳಿಯುವ ಪೆಟ್ಟಿಗೆ. ನಾಲ್ವರು ಹೊತ್ತು ತಂದು ಕೋಣೆಯ ನಡುವೆ ಇಳಿಸಿದರೆ ನಾವು ಗೋಡೆಗೆ ಮೈಯೊರಸಿ ಓಡಾಡಬೇಕಿತ್ತು. ಆ ಪೆಟ್ಟಿಗೆಯನ್ನು ಕೂರಿಸುವ ರೀತಿಯೇ ಬೇರೆ. ನಮ್ಮ ಭಜನೆಯ ಪೆಟ್ಟಿಗೆಗೆ ಒಂದೇ ಷಡ್ಜ. ಅದಕ್ಕೆ ಸರಿಯಾಗಿ ಉಳಿದ ಸ್ವರಗಳ ಅಲೆಯನ್ನು ಪೂರ್ತಿ ನಿಲ್ಲಿಸಿದರೆ ಆಯಿತು. ಇಗರ್ಜಿಯಲ್ಲಿ ಒಂದು ಹಾಡು ಬೆರಳಿನಿಂದ ಒತ್ತುವ ಬಿಳಿ ಒಂದನೆಯ ಮಣೆಯಿಂದ ಶುರುವಾದರೆ ಇನ್ನೊಂದು ಕಪ್ಪು ಮೂರರಿಂದ ಶುರುವಾಗುತ್ತದೆ. ಮೂರು, ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತುತ್ತಾರೆ. ಒಂದು ಷಡ್ಜಕ್ಕೆ ಶುದ್ಧವಾಗಿ ಕೂರಿಸಿದರೆ ಉಳಿದ ಕಡೆ ಕೂಗು ಬರುತ್ತದೆ. ಹಾಗಾಗಿ ಪ್ರತಿಯೊಂದು ಸ್ವರದಲ್ಲಿಯೂ ಒಂದಿಷ್ಟು ಅಲೆ ಉಳಿಸಬೇಕು, ಇಂತಿಷ್ಟೇ ಎಂದು ಎಣಿಸಿ ಉಳಿಸಬೇಕು. ಅಪ್ಪನಿಗೆ ಅದು ಯಾವ ವರ್ಷವೂ ಸರಿಬರಲಿಲ್ಲ.

"ಸ್ವರಾನ ಸ್ವಲ್ಪ ಸುಳ್ಳು ಮಾಡಿ ಕೂರ್ಸು ಅಂತ್ರಲ್ಲ ಮಾಸ್ತ್ರೆ. ಕೈ ಬತ್ತಿಲ್ಲ ನಂಗೆ."

"ಎಲ್ಲರೂ ಚೂರು ಚೂರು ಸುಳ್ಳಾದ್ರೆ ಯಾರೂ ಅಳೂದಿಲ್ಲ ಗಣಪಯ್ಯ. ಒಬ್ಬ ಪೂರಾ ಸತ್ಯವಂತ ಆದ್ರೆ ಉಳಿದವ್ರ ಗತಿ ನೋಡು."

ಇಬ್ಬರೂ ನಗುತ್ತಿದ್ದರು. ಆಮೇಲೆ ಅಪ್ಪ ತೊಡೆ ತಟ್ಟುತ್ತಿದ್ದ, ನಾನು ಕಾಲಿನಿಂದ ತುಳಿಯುತ್ತ ಮಡಿಲಲ್ಲಿ ಬೆರಳು ಎಣಿಸುತ್ತಿದ್ದೆ, ಪೆಟ್ಟಿಗೆ ಸರಿಯಾಗುತ್ತಿತ್ತು.

ಪೆಟ್ಟಿಗೆಯ ತಿದಿಗೆ ಹಚ್ಚಿದ ಅಂಟು ಒಣಗುವ ತನಕ ಮಾಸ್ತರು ಅಪ್ಪನ ಸ್ವಂತ ಪೆಟ್ಟಿಗೆಯನ್ನು ಎಳೆದುಕೊಂಡು ನುಡಿಸುತ್ತ ಕೂರುತ್ತಿದ್ದರು. ಕಲಿಸುವ ಚಟ ಅವರದು. ನಾಲ್ಕು ಸ್ವರ ಒಟ್ಟಿಗೆ ಒತ್ತಿ, ಹೆಸರು ಹೇಳಿ, ಮಾರನೆಯ ದಿನ ಅದನ್ನೇ ಒತ್ತಿ ಇದು ಯಾವುದು ಎಂದು ಕೇಳುತ್ತಿದ್ದರು. ಹೆಸರುಗಳು ಇಂಗ್ಲಿಷಿನವು. ನನಗೆ ಆ ಶಬ್ದಗಳನ್ನು ಬಾಯಿಂದ ಹೊರಡಿಸಲು ನಾಚಿಕೆ. ಕನ್ನಡದಲ್ಲಿ ಹೇಳಲೂ ನಾಚಿಕೆಯೇ. ಒಂದು ಸಲ ಅವರು ಮೂರು ಬಾರಿ ಕೇಳಿದಾಗ ನಾನು ಬೆರಳು ಚಾಚಿ ಹೊಸ್ತಿಲನ್ನು ತೋರಿಸಿದೆ. ಅವರು ಒತ್ತಿದ್ದು ಸ, ಗ, ಪ, ಕೋಮಲ ನಿ. ಆ ನಾಲ್ಕು ಸೇರಿದರೆ ಒಂದು ಕಾಲು ಒಳಗಿಟ್ಟು ನಿಂತವರ ಹಾಗೆ ಕೇಳುತ್ತದೆ. ಅಲ್ಲಿ ನಿಲ್ಲಲು ಆಗುವುದಿಲ್ಲ, ಒಳಗೆ ಹೋಗಲೇಬೇಕು.

"ಹೊಸ್ತಿಲು?" ಮಾಸ್ತರು ಅದನ್ನೇ ಇನ್ನೊಮ್ಮೆ ಒತ್ತಿದರು. "ಅರೇ ದೇವಾ. ಹೌದು ಬಾಯೆ, ಹೊಸ್ತಿಲೇ. ನಮ್ಮ ಪಾದ್ರಿಗೂ ಇಷ್ಟು ಚಂದ ಹೇಳೂಕೆ ಬತ್ತಿಲ್ಲ."

ಬಾಯೆ ಎಂದರೆ ಕೊಂಕಣಿಯಲ್ಲಿ ಮಗಳೇ ಎಂದ ಹಾಗೆ. ಆಮೇಲೆ ಎಲ್ಲವನ್ನೂ ಬೆರಳಿನಿಂದಲೇ ಹೇಳಿದೆ. ಅದೇ ನಾಲ್ಕರಲ್ಲಿ ನಿ ಶುದ್ಧವಾದರೆ ಬಾವಿ. ಬಗ್ಗಿ ನೋಡಿದರೆ ತಳದಲ್ಲಿ ಆಕಾಶ ಹೊಳೆಯುತ್ತದೆ, ಆದರೆ ತಣ್ಣಗೆ. ಗ ಮತ್ತು ನಿ ಎರಡೂ ಕೋಮಲವಾದರೆ ಮಧ್ಯಾಹ್ನದ ಜಗಲಿ, ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ ಹೊತ್ತು. ಅದನ್ನು ಮಾಸ್ತರು ಮೈನರ್ ಎನ್ನುತ್ತಿದ್ದರು. ಅದರಲ್ಲಿ ಪಂಚಮ ಒಂದು ಮಣೆ ಕೆಳಗಿಳಿದರೆ ಅಟ್ಟದ ಏಣಿ, ಕಾಲಿಟ್ಟಲ್ಲಿ ಮೆಟ್ಟಿಲು ಇಲ್ಲ. ಐದನೆಯದಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಡಿಮಿನಿಶ್ಡ್ ಎಂದು ಅದರ ಹೆಸರು. ಅದರಲ್ಲಿ ಸ್ವರದಿಂದ ಸ್ವರಕ್ಕೆ ಒಂದೇ ಅಂತರ. ಯಾವುದು ಬುಡ, ಯಾವುದು ತುದಿ ಎಂದು ಹೇಳಲು ಬರುವುದಿಲ್ಲ, ನಾಲ್ಕರಲ್ಲಿ ಯಾವುದನ್ನು ಕೆಳಗಿಟ್ಟು ನುಡಿಸಿದರೂ ಅದೇ ರೂಪ. ಮೂರನೆಯ ವರ್ಷ ಒಂದು ಮಧ್ಯಾಹ್ನ ಅದು ಕೇಳುತ್ತಿರುವಾಗ ಹಿತ್ತಲ ಬಾಗಿಲಿನಿಂದ ಕೋಳಿ ಮುಚ್ಚುವ ಬುಟ್ಟಿ ಕಂಡಿತು. ಕವುಚಿ ಹಾಕಿದ ದುಂಡು ಬುಟ್ಟಿ. ಎತ್ತ ತಿರುಗಿಸಿದರೂ ಅದೇ. ಬೆರಳು ತೋರಿಸಿದೆ. ಮಾಸ್ತರು ಎದ್ದು ಹೋಗಿ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ ಬಂದರು. ಒಳಗಿದ್ದ ಕೋಳಿ ಓಡಿಹೋಯಿತು, ಮಾಸ್ತರು ಆಯಿಯ ಬೈಗುಳ ತಿಂದರು.

"ಕೋಳಿ ಹಿಡೂಕೆ ನಿಮ್ಮ ಹಾಡಿನವ್ರನ್ನ ಕಳ್ಸಿ ಮಾಸ್ತ್ರೆ, ನಾಲ್ಕು ಸ್ವರದಾಗೆ ಕರೀಲಿ," ಎಂದಳು ಆಯಿ.

ಅಪ್ಪ ನೋಡುತ್ತಿದ್ದ. ನಮ್ಮ ಆಟದಲ್ಲಿ ಅವನು ಸೇರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಕೆಲಸದ ಮೇಲೆ ತಲೆ ಬಗ್ಗಿಸಿದ್ದರೂ ಕಣ್ಣು ನನ್ನ ಬೆರಳಿನ ಮೇಲಿರುತ್ತಿತ್ತು. ಆಗ ಅದನ್ನು ನಾನು ಅಷ್ಟಾಗಿ ಗಮನಿಸಲಿಲ್ಲ.

ನನಗೆ ಹದಿಮೂರು ವರ್ಷವಾದ ವರ್ಷ ಇಗರ್ಜಿಯ ಪೆಟ್ಟಿಗೆ ಬಂದ ಎರಡನೆಯ ದಿನ ನಾನು ಮೊದಲ ಸಲ ಮುಟ್ಟಾದೆ. ಆಗಿನ ಪದ್ಧತಿಯಂತೆ ನಾಲ್ಕು ದಿನ ಹೊರಗೆ ಕೂರಬೇಕು. ಕೆಲಸದ ಕೋಣೆಯ ಪಕ್ಕದ ಹೊರಗೋಡೆಗೆ ಆತು ಒಂದು ಸಣ್ಣ ಮಾಡು ಇಳಿಸಿದ್ದರು, ಸೌದೆ ಇಡುವುದಕ್ಕೆ. ಅಲ್ಲಿ ನನ್ನ ಚಾಪೆ, ನನ್ನ ಬಟ್ಟಲು, ನನ್ನ ಚೊಂಬು. ಪೆಟ್ಟಿಗೆಗಳನ್ನು ನಾವು ನವರಾತ್ರಿಗೆ ಹೂವಿಟ್ಟು ಪೂಜಿಸುವವರು, ಮುಟ್ಟಾದವರು ಆ ಕೋಣೆಗೆ ಕಾಲಿಡುವ ಮಾತೇ ಇಲ್ಲ. ಅಪ್ಪ ಕೆಲಸ ನಿಲ್ಲಿಸಬಹುದಿತ್ತು. ಆದರೆ ಮುರ್ಡೇಶ್ವರದಿಂದ ಬಂದ ಒಬ್ಬರು ತಮ್ಮ ಭಜನೆಯ ಪೆಟ್ಟಿಗೆಗೆ ಕಾಯುತ್ತ ಜಗಲಿಯಲ್ಲೇ ಕೂತಿದ್ದರು. ಕೆಲಸ ನಿಲ್ಲಿಸಿದರೆ ಏಕೆ ಎಂದು ಕೇಳುತ್ತಿದ್ದರು. ಕಾಲಿನ ಪೆಟ್ಟಿಗೆಯನ್ನು ಒಬ್ಬನೇ ತುಳಿಯಬಹುದು, ಮಗಳು ಬೇಕೆನ್ನಲು ನೆಪವಿಲ್ಲ. ಮಾರನೆಯ ಬೆಳಿಗ್ಗೆ ಗೋಡೆಯ ಆಚೆ ಪೆಟ್ಟಿಗೆ ಉಸಿರೆಳೆದುಕೊಂಡ ಸದ್ದು ಕೇಳಿತು.

ಅಪ್ಪ ಹೇಗೆ ಕೆಲಸ ಮಾಡುತ್ತಿದ್ದಾನೆಂದು ಗೋಡೆಯ ಬಿರುಕಿನಲ್ಲಿ ನೋಡಿದೆ. ಒಂದು ಬಿದಿರಿನ ಸೀಳನ್ನು ಹಲ್ಲಿನಲ್ಲಿ ಕಚ್ಚಿ ಅದರ ಇನ್ನೊಂದು ತುದಿಯನ್ನು ಪೆಟ್ಟಿಗೆಯ ಹಲಗೆಗೆ ಒತ್ತಿಕೊಂಡಿದ್ದ. ಅಲೆಗಳು ಬಿದಿರಿನಲ್ಲಿ ಹಾದು ಹಲ್ಲಿಗೆ ಬರುತ್ತವೆ. ಅಲೆ ಇದೆಯೋ ಇಲ್ಲವೋ ಎಂಬುದು ಅದರಲ್ಲಿ ತಿಳಿಯುತ್ತದೆ, ಐದು ತಟ್ಟಿಗೆ ಎಷ್ಟು ಎಂಬುದು ತಿಳಿಯುವುದಿಲ್ಲ. ಎಣಿಸಿ ಉಳಿಸಲು ಆಗದವನು ಏನು ಮಾಡುತ್ತಾನೆ? ಹಲ್ಲಿಗೆ ಅಲೆ ತಾಗುವುದು ನಿಲ್ಲುವ ತನಕ ಕೆರೆದ. ಒಂದೊಂದೇ ರೀಡು ಬಿಳಿ ಒಂದಕ್ಕೆ ಸರಿಯಾಗಿ ಶುದ್ಧವಾಗುತ್ತ ಹೋಗುವುದನ್ನು ನಾನು ಸೌದೆಯ ಪಕ್ಕ ಕೂತು ಕೇಳಿದೆ. ಅಷ್ಟು ಚೊಕ್ಕವಾಗಿ ಅಪ್ಪ ಯಾವ ಪೆಟ್ಟಿಗೆಯನ್ನೂ ಕೂರಿಸಿರಲಿಲ್ಲ. ಇಗರ್ಜಿಗೆ ಅದು ಉಪಯೋಗಕ್ಕೆ ಬಾರದು. ಆಯಿ ಗಂಜಿ ತಂದು ದೂರದಿಂದ ಬಟ್ಟಲಿಗೆ ಸುರಿದಾಗ ಹೇಳಿದೆ.

"ಆಯಿ, ಅಪ್ಪಂಗೆ ಹೇಳು. ಅಲೆ ಪೂರಾ ನಿಲ್ಸೂದಲ್ಲ ಅದ್ರದ್ದು. ಎಲ್ಲಾ ತಪ್ಪಾಗ್ತಾ ಅದೆ."

ಆಯಿಯ ಕೈ ನಿಂತಿತು.

"ನಿಂಗೆ ಇಲ್ಲಿಂದ ಕೇಳ್ತದೆ. ಒಳಗೆ ಕೂತವ್ರಿಗೆ ಕೇಳೂದಿಲ್ಲ ಅಂತ್ಯಾ?"

ನಾನು ಬಟ್ಟಲನ್ನು ಹತ್ತಿರ ಎಳೆದುಕೊಂಡೆ.

"ಆ ಮಾತು ಇನ್ನೊಂದ್ಸಲ ಆಡಬೇಡ ತುಳಸಿ. ಜಗಲಿ ಮೇಲೆ ಜನ ಅದೆ. ಗಂಜಿ ಉಣ್ಣು."

ಅಂದರೆ ಆಯಿಗೂ ಗೊತ್ತಿತ್ತು. ಓಣಿಯ ಹೆಂಗಸರೆದುರು ಹೇಳುತ್ತಿದ್ದ ತಮಾಷೆ ತಮಾಷೆಯಾಗಿರಲಿಲ್ಲ. ಗಂಜಿ ಉಂಡೆ. ಅಳು ಬಂತೇ ಎಂದು ನೀವು ಕೇಳಬಹುದು. ಬರಲಿಲ್ಲ. ಆ ನಾಲ್ಕು ದಿನಗಳಲ್ಲಿ ಒಳಗೆ ಏನೋ ಮರಗಟ್ಟಿತು ಎಂದು ಹೇಳಬಲ್ಲೆ, ಕಾಲು ಜೋಮು ಹಿಡಿದ ಹಾಗೆ. ನಿಮ್ಮ ಅಜ್ಜ ತೀರಿಕೊಂಡ ದಿನ ಊರವರೆಲ್ಲ ಇವಳು ಅಳುವುದಿಲ್ಲವಲ್ಲ ಎಂದರು. ಅದು ಅಂದು ಬಂದದ್ದಲ್ಲ, ಬಹಳ ಹಳೆಯದು. ಗೋಡೆಯ ಆಚೆ ರೀಡಿನ ಮೇಲೆ ಅರ ಆಡುತ್ತಿತ್ತು, ನಾನು ಎಣಿಸುತ್ತಿದ್ದೆ. ಎಣಿಸುವುದು ನಿಲ್ಲಲಿಲ್ಲ. ತೋರಿಸಲು ಯಾರೂ ಇರಲಿಲ್ಲ, ಅಷ್ಟೇ.

ಐದನೆಯ ದಿನ ಮಿಂದು ಒಳಗೆ ಬಂದೆ. ಮಾಸ್ತರು ಅದೇ ಮಧ್ಯಾಹ್ನ ಪೆಟ್ಟಿಗೆ ನೋಡಲು ಬಂದರು. ಹಬ್ಬಕ್ಕೆ ಇನ್ನೂ ಹತ್ತು ದಿನವಿತ್ತು. ಮತ್ತೆ ಕೂರಿಸಲು ಮೂರು ದಿನ ಸಾಕು, ಅಂದರೆ ಸಮಯವಿತ್ತು. ಇದನ್ನು ನಾನು ಆಗಲೇ ಲೆಕ್ಕ ಹಾಕಿದ್ದೆ, ಆದ್ದರಿಂದ ಸಮಯ ಮೀರಿತ್ತು ಎಂದು ಇಂದು ಹೇಳಿಕೊಳ್ಳುವಂತಿಲ್ಲ. ಮಾಸ್ತರು ಕೂತು ಬಿಳಿ ಒಂದರಿಂದ ಒಂದು ಹಾಡು ನುಡಿಸಿದರು. ಕೋಣೆಯೇ ಬೆಳಗಿದ ಹಾಗಾಯಿತು. ಅವರು ಹುಬ್ಬೇರಿಸಿದರು. ಕಪ್ಪು ಮೂರಕ್ಕೆ ಹೋದರು. ಎರಡನೆಯ ಸಾಲಿನಲ್ಲಿ ಪೆಟ್ಟಿಗೆ ನಾಯಿಮರಿಯ ಹಾಗೆ ಊಳಿಟ್ಟಿತು. ಮಾಸ್ತರು ಕೈ ತೆಗೆದರು. ಅಪ್ಪ ಅರ ಹಿಡಿದುಕೊಂಡು ಗೋಡೆಯ ಬಳಿ ನಿಂತಿದ್ದ, ಮುಖದಲ್ಲಿ ಏನೂ ಇರಲಿಲ್ಲ.

"ಗಣಪಯ್ಯ, ಸರಿ ಅದೆಯಾ?"

"ಎಂತಕೆ ಮಾಸ್ತ್ರೆ? ಒಂದು ಅಲೆ ಇಲ್ಲ ನೋಡಿ. ಈ ವರ್ಷ ಕೂತ ಹಾಂಗೆ ಯಾವ ವರ್ಷವೂ ಕೂರ್ಲಿಲ್ಲ."

ಮಾಸ್ತರು ಅಪ್ಪನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಿರುಗಿ ಕೂತು ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿದರು. ಡಿಮಿನಿಶ್ಡ್. ಯಾವ ಕಡೆಯಿಂದ ನೋಡಿದರೂ ಒಂದೇ ಆಗಿರಬೇಕಾದದ್ದು. ಅಂದು ಅದು ಒಂದು ಕಡೆ ತುಳಿದು ಚಪ್ಪಟೆಯಾದ ಬುಟ್ಟಿಯಾಗಿತ್ತು. ಯಾವುದು ಬುಡ ಎಂದು ಯಾರು ಬೇಕಾದರೂ ಹೇಳಬಹುದಿತ್ತು.

"ಬಾಯೆ," ಎಂದರು, ಕಾಲು ತುಳಿಯುತ್ತಲೇ. "ಇದು ಎಂತ ಹೇಳು."

ಅವರು ನನ್ನನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ಅಪ್ಪನನ್ನು ಕೇಳಿ ಆಗಿತ್ತು, ಈಗ ಉಳಿದದ್ದು ನಾನು. ಇಲ್ಲ ಎಂದು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಮಾತು ಬೇಕಾಗಿರಲಿಲ್ಲ. ಆಗ ಮಾಸ್ತರು ಏನು ತಪ್ಪಿದೆ ಎಂದು ಅಪ್ಪನನ್ನು ಕೇಳುತ್ತಿದ್ದರು, ಅಪ್ಪನಿಗೆ ಹೇಳಲು ಬರುತ್ತಿರಲಿಲ್ಲ, ಕಿವಿಯ ವಿಷಯ ಅಲ್ಲಿಯೇ ಹೊರಬೀಳುತ್ತಿತ್ತು. ಆಯಿ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಅಪ್ಪ ನನ್ನ ಕೈಯನ್ನು ನೋಡುತ್ತಿದ್ದ. ನಾನು ಬೆರಳೆತ್ತಿ ಹಿತ್ತಲಿನ ಕಡೆ, ಕೋಳಿ ಮುಚ್ಚುವ ಬುಟ್ಟಿಯನ್ನು ತೋರಿಸಿದೆ.

ಪ್ರತಿ ವರ್ಷ ಕೇಳಿದ ಎಷ್ಟೋ ನೂರು ಸಲಗಳಲ್ಲಿ ನಾನು ತಪ್ಪು ಹೇಳಿದ್ದು ಅದೊಂದೇ. ಮಾಸ್ತರಿಗೆ ಅದು ತಿಳಿಯಿತು. ಕೈ ಎತ್ತಿದರು. ಪೆಟ್ಟಿಗೆಯಲ್ಲಿ ಉಳಿದ ಗಾಳಿ ಹೊರಟುಹೋದ ಮೇಲೆ ಅದರ ಮುಚ್ಚಳ ಮುಚ್ಚಿದರು.

"ಆತು," ಎಂದರು. "ನಾಳೆ ಆಳು ಕಳಿಸ್ತೆ ಗಣಪಯ್ಯ."

ಹಬ್ಬದ ಮರುದಿನ ಮಾಸ್ತರು ಪ್ರತಿ ವರ್ಷದಂತೆ ತಟ್ಟೆಯ ತುಂಬ ನೆವ್ರಿ ತಂದುಕೊಟ್ಟರು. ಕಾಯಿ ಬೆಲ್ಲ ತುಂಬಿದ ಕರಿದ ತಿಂಡಿ ಅದು. ಜಗಲಿಯಲ್ಲಿ ಕೂತು ನಗುತ್ತ, ಈ ಸಲ ಎಲ್ಲ ಹಾಡನ್ನೂ ಬಿಳಿ ಒಂದರಲ್ಲೇ ಹಾಡಿಸಿದೆ, ಹೆಂಗಸರ ಗಂಟಲು ಹರಿದುಹೋಯಿತು, ಅದಕ್ಕೇ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ ಎಂದರು. ಅಪ್ಪ ಅವರ ತುಟಿಯನ್ನೇ ನೋಡುತ್ತಿದ್ದ. ಅವರು ನಕ್ಕಾಗ ನಕ್ಕ. ಮುಂದಿನ ವರ್ಷ ಇಗರ್ಜಿಯ ಪೆಟ್ಟಿಗೆ ಬರಲಿಲ್ಲ. ಅದಕ್ಕೆ ಮೊದಲೇ ಅಪ್ಪ ಸ್ವರ ಕೂರಿಸುವುದನ್ನು ಬಿಟ್ಟಿದ್ದ. ಯಾರೂ ಏನೂ ಹೇಳಿರಲಿಲ್ಲ. ಒಂದು ದಿನ ಕುಮಟೆಯಿಂದ ಬಂದವರಿಗೆ, ತಿದಿ, ಚರ್ಮ, ಮರದ ಕೆಲಸ ಇದ್ದರೆ ಕೊಡಿ, ಸ್ವರದ ಕೆಲಸ ಕಣ್ಣಿಗೆ ಆಗುವುದಿಲ್ಲ ಎಂದ. ಕಣ್ಣಿಗೆ ಎಂದ. ಅವರು ನಂಬಿದರು. ನನ್ನನ್ನು ತಿದಿ ಒತ್ತಲು ಕರೆಯುವುದು ಅಲ್ಲಿಗೆ ನಿಂತಿತು. ನಾನು ಅಡುಗೆಮನೆಗೆ ಹೋದೆ. ಆಯಿ ಹೊತ್ತಿಗೆ ಸರಿಯಾಗಿ ಕಾಯಿ ಅರೆಯತೊಡಗಿದಳು, ಮಧ್ಯಾಹ್ನದ ಸಾರು ಮಧ್ಯಾಹ್ನಕ್ಕೇ ಆಗತೊಡಗಿತು. ಊಟ ಚೆನ್ನಾಗಿಯೇ ಇರುತ್ತಿತ್ತು. ಮಾಸ್ತರನ್ನು ಪೇಟೆಯಲ್ಲಿ ಕಂಡರೆ ನಾನು ಬೇರೆ ಓಣಿ ಹಿಡಿಯುತ್ತಿದ್ದೆ. ಹತ್ತೊಂಬತ್ತಕ್ಕೆ ಭಟ್ಕಳಕ್ಕೆ ಮದುವೆಯಾಗಿ ಬಂದೆ. ನಿಮ್ಮ ಅಜ್ಜ ಶಾಲೆಯ ಕಚೇರಿಯಲ್ಲಿ ಗುಮಾಸ್ತರು, ಒಳ್ಳೆಯ ಮನುಷ್ಯ. ನನಗೆ ಇದೆಲ್ಲ ಕೇಳುತ್ತದೆ ಎಂದು ಅವರಿಗೆ ನಾನು ಯಾವತ್ತೂ ಹೇಳಲಿಲ್ಲ. ಕೇಳುವ ಸಂದರ್ಭ ಬರಲಿಲ್ಲ.

ಅಪ್ಪ ತೀರ ಮುದುಕನಾದ ಮೇಲಿನ ಒಂದು ದಿನದ ವಿಷಯ ಬರೆದು ಮುಗಿಸುತ್ತೇನೆ. ಆಯಿ ಹೋಗಿ ಆಗಿತ್ತು. ಮನೆಯಲ್ಲಿ ನನ್ನ ತಮ್ಮ, ಅವನ ಹೆಂಡತಿ, ಮಕ್ಕಳು. ಶರಾವತಿಗೆ ಸೇತುವೆಯಾಗಿತ್ತು, ನಾನು ಬಸ್ಸಿನಲ್ಲಿ ಹೋಗಿ ಸಂಜೆಗೆ ಹಿಂದಿರುಗುತ್ತಿದ್ದೆ. ಅಪ್ಪನಿಗೆ ಆಗ ಏನೂ ಕೇಳುತ್ತಿರಲಿಲ್ಲ. ತಮ್ಮನ ಮಗಳ ಸ್ಲೇಟಿನಲ್ಲಿ ಬರೆದು ತೋರಿಸಬೇಕಿತ್ತು. ತನ್ನ ದನಿ ತನಗೇ ಕೇಳದ್ದರಿಂದ ಅವನು ಮಾತಾಡಿದರೆ ಓಣಿಯ ತುದಿಗೆ ಕೇಳುತ್ತಿತ್ತು. ನಾನು ಪಕ್ಕದಲ್ಲಿ ಕೂತಿದ್ದೆ. ಸೀರೆ, ಮಕ್ಕಳು, ಮಳೆ ಎಲ್ಲದರ ಮಾತು ಆದ ಮೇಲೆ ಅವನು ಒಮ್ಮೆಲೆ ಕೇಳಿದ.

"ಆ ವರ್ಷ ಇಗರ್ಜಿ ಪೆಟ್ಟಿಗೆ ಹ್ಯಾಂಗಿತ್ತು?"

ಯಾವ ವರ್ಷ ಎಂದು ನಾನು ಕೇಳಲಿಲ್ಲ. ಸ್ಲೇಟಿನಲ್ಲಿ ಬರೆದೆ: ಬಿಳಿ ಒಂದಕ್ಕೆ ಶುದ್ಧ. ಉಳಿದದ್ದು ತಪ್ಪಿತ್ತು.

ಅಪ್ಪ ಸ್ಲೇಟನ್ನು ಕಣ್ಣಿನ ಹತ್ತಿರ ಹಿಡಿದು ಓದಿದ.

"ಗೊತ್ತದೆ," ಎಂದ. "ಮಾಸ್ತ್ರ ಮೋರೆ ಕಂಡಾಗ್ಲೇ ಗೊತ್ತಾತು. ಆಮೇಲೆ ನಿನ್ನ ಬೆರಳು ಕಂಡೆ."

ನಾನು ಕೈಯಲ್ಲಿದ್ದ ಬಳಪವನ್ನು ನೋಡುತ್ತಿದ್ದೆ.

"ನೀ ಅಲ್ಲ ಅಂತ್ಯೇನೋ ಅಂತ ಕಾದೆ. ಅಂದಿದ್ರೆ ಅವ್ರ ಎದ್ರಿಗೇ ಅರ ನಿನ್ನ ಕೈಗೆ ಕೊಡೂದು ಅಂತ ಮಾಡಿದ್ದೆ. ಹೆಣ್ಣು ಹುಡ್ಗಿ ಕೈಗೆ ಸುಮ್ನೆ ಕೊಡೂಕೆ ಆತಿತ್ತನಾ? ನಿಮ್ಮ ಆಯಿ ಬಿಡ್ತಿರ್ಲಿಲ್ಲ, ಊರು ಬಿಡ್ತಿರ್ಲಿಲ್ಲ. ಮಾಸ್ತ್ರು ಒಬ್ರು ಹೌದು ಅಂದಿದ್ರೆ ಆತಿತ್ತು. ಕೈಯಾಗೇ ಹಿಡ್ಕಂಡಿದ್ದೆ."

ಅವನು ಅಷ್ಟು ಜೋರಾಗಿ ಹೇಳಿದ್ದರಿಂದ ಒಳಗೆ ಪಾತ್ರೆಯ ಸದ್ದು ನಿಂತಿತು. ಸ್ಲೇಟನ್ನು ನನ್ನ ಕಡೆ ಚಾಚಿ ಕೇಳಿದ.

"ಎಂತಕೆ ಹೇಳ್ಲಿಲ್ಲ?"

ಬರೆದದ್ದನ್ನು ಅಂಗೈಯಿಂದ ಒರೆಸಿ ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡೆ. ಅಪ್ಪ ನನ್ನ ಕೈಯನ್ನೇ ನೋಡುತ್ತ ಕಾದ. ತಮ್ಮನ ಹೆಂಡತಿ ಬಾಗಿಲಿಗೆ ಬಂದು ಊಟಕ್ಕೆ ಕರೆದಳು. ಅವನಿಗೆ ಕೇಳಲಿಲ್ಲ. ನಾನು ತೋಳು ಮುಟ್ಟಿ ಅವನನ್ನು ಎಬ್ಬಿಸಿದೆ.